ಮನೆಯ ಹಾಡಿಗೊಂದು ಮೈಕು

ಶಬ್ದವು ನಿತ್ಯವೋ ಅನಿತ್ಯವೋ ಎಂಬ ವಿಷಯದಲ್ಲಿ ನಮ್ಮ ಪೂರ್ವಿಕರು ಬಹುಕಾಲ ವಾದಮಾಡಿರುವರು. ಮೀಮಾಂಸಕರು ನಿತ್ಯವೆಂದರು, ನೈಯಾಯಿಕರು ಅನಿತ್ಯವೆಂದರು. ಒಂದು ಶಬ್ದವು ಹುಟ್ಟಿ, ತನ್ನ ಮುಂದಿನ ಶಬ್ದವನ್ನು ಹುಟ್ಟಿಸಿ, ತಾನು ಲಯವಾಗುವುದೆಂದೂ, ನೀರಿನಲ್ಲಿ ಅಲೆಯಿಂದ ಅಲೆ ಏಳುವಂತೆ, ಅಥವಾ ಕದಂಬದ ಮೊಗ್ಗು ಒಮ್ಮೆಗೇ ಎಲ್ಲ ದಿಕ್ಕಿಗೂ ಅರಳುವಂತೆ, ಅದು ಹರಡಿ ನಮ್ಮ ಕಿವಿಯನ್ನು ಸೇರುವುದೆಂದೂ ಅವರ ಮತ. ಪಾಠಶಾಲೆಯಲ್ಲಿ ಗುರುಗಳೆದುರಿಗೆ ಕುಳಿತು ಈ ಎರಡು ಪಕ್ಷಗಳನ್ನೂ ನಾನು ಸಮಾನವಾದ ಉತ್ಸಾಹದಿಂದ ಒಪ್ಪಿಸಿದ್ದುಂಟು. ಆದರೆ ಸಂಸಾರಿಯಾಗಿ ಆಲೋಚಿಸಿದರೆ ನೈಯಾಯಿಕರ ಮಾತೇ ನಿಜವೆಂದು ತೋರುವುದು. ನಮ್ಮ ತಾಯಿಯ ತಾಯಿ ತೊಟ್ಟಿಲು ತೂಗುತ್ತ ಹಾಡಿದ ಹಾಡಿನ ಮಾತುಗಳು ಒಂದು ಹಳೆಯ ನೋಟುಬುಕ್ಕಿನಲ್ಲಿವೆ. ಆಕೆಯ ಕಂಠವು ಮಾತ್ರ ಯಾವ ಬುಕ್ಕಿನಲ್ಲಿಯೂ ಇಲ್ಲ.

ಈ ಲೇಖನವು ಮನೆಯಲ್ಲಿಯೇ ಹಾಡನ್ನು ಮುದ್ರಿಸಿಕೊಳ್ಳಲು ಬೇಕಾಗುವ ಮೈಕನ್ನೂ ಅದರ ಪರಿಕರಗಳನ್ನೂ ಮಿತವಾದ ವೆಚ್ಚದಲ್ಲಿ ಆರಿಸಿಕೊಳ್ಳುವ ಬಗೆಯನ್ನು ಕುರಿತದ್ದು. ಸಂಸ್ಕೃತದ ಮೇಷ್ಟರಿಗೂ ಈ ವಿಷಯಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ನಂಟುಂಟು. ನಮ್ಮ ಅಕ್ಕನಿಗೆ ಈಗ ೭೪ ವರ್ಷ. ಭಾವನವರು ತೀರಿಕೊಂಡ ಮೇಲೆ ಆಕೆ ಮೈಸೂರಿನಲ್ಲಿ ನಮ್ಮೊಡನೆಯೇ ಇರುವಳು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಶುಕ್ರವಾರದ ಹಾಡು, ಹೀಗೆ ನಮ್ಮ ಮನೆತನದ ಹೆಂಗಸರು ನಾಲ್ಕಾರು ತಲೆಮಾರುಗಳಿಂದ ಹಾಡಿಕೊಂಡು ಬಂದ ಹಾಡುಗಳೆಲ್ಲ ಆಕೆಗೆ ಬಾಯಿಪಾಠ. ಮಾತುಗಳನ್ನು ಬರೆದಿಡಬಹುದು, ಧಾಟಿಯನ್ನು ಬರೆದಿಡಲಾಗದು. ಇದು ಶಾಸ್ತ್ರೀಯವಾದ ರಾಗವೂ ಅಲ್ಲ, ಸ್ವರ ಹಾಕಿ ಬರೆದರೆ ಅರ್ಧ ಸತ್ತುಹೋಗುವುದು. ಈಚೆಗೆ ಎರಡು ವರ್ಷಗಳಿಂದ ಅಕ್ಕನ ಉಸಿರು ಕುಗ್ಗುತ್ತ ಬಂದಿದೆ. ಮೊದಲು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ ಸಾಲನ್ನು ಈಗ ಎರಡು ಕಡೆ ನಿಲ್ಲಿಸಿ ಹಾಡುವಳು. ಆದುದರಿಂದ ಈ ಕಾರ್ಯವನ್ನು ಮುಂದಕ್ಕೆ ಹಾಕುವಂತಿರಲಿಲ್ಲ.

ಮನೆಯಲ್ಲಿ ಹಾಡನ್ನು ಹಿಡಿದಿಡುವುದು ನಮ್ಮ ಹಿರಿಯರಿಗೆ ಕನಸಿನ ಮಾತಾಗಿತ್ತು. ೧೯೦೨ ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ಕಂಪನಿಯವರು ಮುದ್ರಿಸಿಕೊಂಡಾಗ ಮೈಕೆಂಬುದು ಆ ಕೆಲಸಕ್ಕೆ ಬಂದಿರಲಿಲ್ಲ. ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಆ ಧ್ವನಿಯ ಬಲದಿಂದಲೇ ಸೂಜಿಯು ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಮೆಲುದನಿಯವರಿಗೆ ಅಲ್ಲಿ ಸ್ಥಳವಿರಲಿಲ್ಲ. ಆ ಗೌಹರ್ ಜಾನ್ ಅವರೇ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ ರಲ್ಲಿ ಇದೇ ಊರಿನಲ್ಲಿ ಕಾಲವಾದರು. ಧ್ವನಿಯನ್ನು ವಿದ್ಯುತ್ತನ್ನಾಗಿ ಮಾರ್ಪಡಿಸಿ ಮುದ್ರಿಸುವ ಪದ್ಧತಿಯು ೧೯೨೫ ರಿಂದೀಚೆಗೆ ಬಳಕೆಗೆ ಬಂದಿತು. ಆಗ ಮೆಲುದನಿಗೂ ಬೆಲೆ ಬಂದಿತು. ೧೯೩೫ ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಮನೆಯೊಂದರ ಕೋಣೆಯಲ್ಲಿ ಮೈಕನ್ನಿಟ್ಟು ಊರಿಗೆಲ್ಲ ಕೇಳಿಸಬಹುದೆಂದು ಅವರು ತೋರಿಸಿದ ಊರಿನಲ್ಲಿ, ಒಬ್ಬ ಅಕ್ಕನ ಹಾಡನ್ನು ಮೊಮ್ಮಕ್ಕಳಿಗಾಗಿ ಹಿಡಿದಿಡುವುದು ದೊಡ್ಡ ಸಾಹಸವೇನೂ ಅಲ್ಲ.

ಆದರೆ ಅಂಗಡಿಗೆ ಹೋದವನಿಗೆ ದಿಗ್ಭ್ರಮೆಯಾಗುವುದು ಸಹಜ. ಎರಡು ಸಾವಿರ ರೂಪಾಯಿಯ ಮೈಕೂ ಉಂಟು. ಲಕ್ಷಗಟ್ಟಲೆ ಬೆಲೆಯ ಮೈಕೂ ಉಂಟು. ನಮ್ಮ ಅಕ್ಕನ ಮಗ ಪುಣೆಯಲ್ಲಿ ಉದ್ಯೋಗದಲ್ಲಿರುವನು. ಅವನು ಫೋನಿನಲ್ಲಿ, "ಮಾವ, ಅಮ್ಮನ ಹಾಡಿಗೆ ದೊಡ್ಡ ಸ್ಟುಡಿಯೋಗಳಲ್ಲಿ ಇಡ್ತಾರಲ್ಲ, ಆ ನಾಯ್ಮನ್ ಯು ೮೭ ಮೈಕೇ ತರಿಸಿಬಿಡೋಣ. ದುಡ್ಡಿನ ಯೋಚನೆ ನೀವು ಮಾಡಬೇಡಿ" ಎಂದನು. ಮಗನ ಮಾತೃಭಕ್ತಿಯನ್ನು ಮೆಚ್ಚತಕ್ಕದ್ದೇ. ಆದರೂ, "ಸ್ವಲ್ಪ ತಾಳಪ್ಪ, ಮೊದಲು ಪರೀಕ್ಷಿಸಿ ನೋಡೋಣ. ಎಲ್ಲ ಸೇರಿ ೨೫,೦೦೦ ರೂಪಾಯಿ ಮೀರಬಾರದು ಅಂತ ನನ್ನ ಲೆಕ್ಕ" ಎಂದೆನು. ಅವನಿಗೆ ಅದು ಜಿಪುಣತನವೆಂದು ತೋರಿತೆಂದು ಕಾಣುತ್ತದೆ. ಮಾತು ಅಲ್ಲಿಗೆ ನಿಂತಿತು.

ಮೈಕಿನ ಸ್ವಭಾವವನ್ನು ಮೊದಲು ತಿಳಿಯಬೇಕು. ಅದು ಒಂದು ಕಿವಿ. ಆದರೆ ಅವಧಾನವಿಲ್ಲದ ಕಿವಿ. ನಾವು ಸಂತೆಯಲ್ಲಿ ನಿಂತಿದ್ದರೂ ಪರಿಚಿತರ ಮಾತನ್ನು ಮಾತ್ರ ಆರಿಸಿಕೊಂಡು ಕೇಳಬಲ್ಲೆವು. ಉಳಿದ ಗದ್ದಲವನ್ನು ಮನಸ್ಸು ಹೊರಗಿಡುವುದು. ಮೈಕಿಗೆ ಮನಸ್ಸಿಲ್ಲ. ಹಾಡೂ, ಕುಕ್ಕರಿನ ಕೂಗೂ, ಬೀದಿಯ ಆಟೋರಿಕ್ಷಾದ ಶಬ್ದವೂ ಅದಕ್ಕೆ ಒಂದೇ. ಮುದ್ರಿಸಿದ್ದನ್ನು ಕೇಳುವಾಗ ನಮ್ಮ ಮನೆಯು ಇಷ್ಟು ಗಲಭೆಯದೇ ಎಂದು ಆಶ್ಚರ್ಯಪಡುವವರೇ ಹೆಚ್ಚು.

ಗಾಯನಕ್ಕೆ ಸಾಮಾನ್ಯವಾಗಿ ಬಳಸುವ ಮೈಕುಗಳಲ್ಲಿ ಎರಡು ಜಾತಿ. ಒಂದು ಡೈನಮಿಕ್ ಮೈಕು. ಇದರಲ್ಲಿ ತೆಳುವಾದೊಂದು ಪೊರೆಗೆ ತಂತಿಯ ಸುರುಳಿಯನ್ನು ಅಂಟಿಸಿ ಅಯಸ್ಕಾಂತದ ನಡುವೆ ಇಟ್ಟಿರುವರು. ಧ್ವನಿಯು ಪೊರೆಯನ್ನು ಅಲುಗಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ೧೯೬೬ ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ ೫೮ ಎಂಬುದು ಈ ಜಾತಿಯಲ್ಲಿ ಪ್ರಸಿದ್ಧವಾದದ್ದು; ಸಭೆ ಸಮಾರಂಭಗಳಲ್ಲಿ ತುದಿಗೆ ಜಾಲರಿಯ ಚೆಂಡಿರುವ ಮೈಕನ್ನು ನೋಡದವರಿಲ್ಲ. ಎರಡನೆಯದು ಕಂಡೆನ್ಸರ್ ಮೈಕು. ೧೯೧೬ ರಲ್ಲಿ ಅಮೆರಿಕದ ಇ. ಸಿ. ವೆಂಟೆ ಎಂಬವರು ಕಂಡುಹಿಡಿದದ್ದು. ಇದರಲ್ಲಿ ಪೊರೆಯೂ ಅದರ ಹಿಂದಿನ ಲೋಹದ ಫಲಕವೂ ಸೇರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವುವು. ಪೊರೆ ಅಲುಗಿದಂತೆ ಅವೆರಡರ ಅಂತರವು ಬದಲಾಗಿ ಧ್ವನಿಯ ಪಡಿಯಚ್ಚು ಹೊರಡುವುದು. ಇದು ಸೂಕ್ಷ್ಮಗ್ರಾಹಿ, ಆದರೆ ಹೊರಗಿನಿಂದ ವಿದ್ಯುತ್ತನ್ನು ಬೇಡುವುದು. ೧೯೬೨ ರಲ್ಲಿ ಜೆಸ್ಲರ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು ವಿದ್ಯುತ್ತನ್ನು ಶಾಶ್ವತವಾಗಿ ಹಿಡಿದಿಡುವ ಪೊರೆಯನ್ನು ಕಂಡುಹಿಡಿದ ಮೇಲೆ ಈ ಜಾತಿಯು ಅಗ್ಗವಾಯಿತು. ಎಲೆಕ್ಟ್ರೆಟ್ ಎಂದು ಅದಕ್ಕೆ ಹೆಸರು.

ಮೊದಲ ಪರೀಕ್ಷೆಗೆ ನಮ್ಮ ಬೀದಿಯ ಗಣೇಶೋತ್ಸವಕ್ಕೆ ಬರುವ ಮೈಕ್‌ಸೆಟ್ಟಿನವನಿಂದ ಒಂದು ಡೈನಮಿಕ್ ಮೈಕನ್ನು ಎರಡು ದಿನಕ್ಕೆಂದು ಕೇಳಿ ತಂದೆನು. ಸುಗಮಸಂಗೀತ ಹಾಡುವ ನನ್ನ ಹಳೆಯ ಶಿಷ್ಯನೊಬ್ಬನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯನ್ನೂ ತನ್ನ ಕಂಡೆನ್ಸರ್ ಮೈಕನ್ನೂ ಒಂದು ವಾರದ ಮಟ್ಟಿಗೆ ಕೊಟ್ಟನು. ಡೈನಮಿಕ್ ಮೈಕಿಗೆ ಬಾಯಿಯು ನಾಲ್ಕು ಬೆರಳಿನಷ್ಟು ಹತ್ತಿರವಿದ್ದರೆ ಚೆನ್ನ. ಹಾಗಿದ್ದಾಗ ಮನೆಯ ಗಲಭೆಯು ಬಹುಮಟ್ಟಿಗೆ ಹಿಂದೆ ಸರಿಯಿತು. ಅದು ಅದರ ಗುಣ. ಆದರೆ ಅಕ್ಕನು ಜಮಖಾನದ ಮೇಲೆ ಕುಳಿತು, ಮೈಯನ್ನು ಮೆಲ್ಲನೆ ತೂಗುತ್ತ ಹಾಡುವವಳು. ನಾಲ್ಕು ಬೆರಳು ಎಂಟಾದರೆ ಧ್ವನಿಯು ಅರ್ಧಕ್ಕಿಳಿಯಿತು. ಎರಡಾದರೆ ಗಡಸಾಗಿ ಗಂಡುದನಿಯಂತಾಯಿತು. ಒಂದೇ ದಿಕ್ಕಿನಿಂದ ಗ್ರಹಿಸುವ ಮೈಕುಗಳೆಲ್ಲ ಬಾಯಿಗೆ ಬಹಳ ಸಮೀಪವಾದಾಗ ಮಂದ್ರವನ್ನು ಹೆಚ್ಚಿಸಿ ತೋರಿಸುವುವು. "ಇದೇನೋ, ಗದೆ ಹಿಡಿಸಿ ಕೂರಿಸಿದ್ದೀಯ! ದೇವರ ಮುಂದೆ ಹಾಡೋಳು ನಾನು, ಇದಕ್ಕೆ ಹೆದರಿಕೊಂಡು ಹಾಡಲಾ?" ಎಂದು ಆಕೆ ಎರಡನೆಯ ಹಾಡಿಗೇ ಎದ್ದುಬಿಟ್ಟಳು.

ಮರುದಿನ ಕಂಡೆನ್ಸರ್ ಮೈಕನ್ನು ಒಂದೂವರೆ ಗೇಣು ದೂರದಲ್ಲಿ, ಹಣೆಯ ಮಟ್ಟಕ್ಕೆ ಇಟ್ಟೆವು. ಮೈಕನ್ನು ಮರೆತು ಅಕ್ಕ ಹಾಡಿದಳು. ಕೇಳಿ ನೋಡಿದರೆ ಕಂಠದ ಒಳಗಿನ ನಡುಕ, ಸಾಲಿನ ಕೊನೆಯಲ್ಲಿ ಆಕೆ ಎಳೆಯುವ ಸಣ್ಣ ಕೊಂಕು, ಬಳೆಯ ಸದ್ದು, ಎಲ್ಲವೂ ಇದ್ದವು. ಜತೆಗೆ ಮೂರು ಮನೆಯಾಚೆಯ ಮಿಕ್ಸಿಯೂ, ಗೋಡೆಯ ಮೇಲಿನ ಹಲ್ಲಿಯೂ ಇದ್ದವು. "ನನ್ನ ಹಾಡಿಗಿಂತ ಹಲ್ಲಿ ಲೊಚಗುಟ್ಟಿದ್ದೇ ಚೆನ್ನಾಗಿ ಕೇಳುತ್ತಲ್ಲೋ!" ಎಂದು ಅಕ್ಕ ನಕ್ಕಳು. ಹಲ್ಲಿಯು ಲೊಚಗುಟ್ಟಿದ್ದು ಸತ್ಯದ ಸೂಚನೆಯೆಂದು ನಮ್ಮವರು ಹೇಳುವರಷ್ಟೆ. ಇಲ್ಲಿಯೂ ಅದು ಒಂದು ಸತ್ಯವನ್ನೇ ಸೂಚಿಸಿತು. ಕೇಳಿಬರುವ ದೋಷದಲ್ಲಿ ಬಹುಪಾಲು ಮೈಕಿನದಲ್ಲ, ಮನೆಯದು.

ಇದನ್ನು ಲೆಕ್ಕದಿಂದಲೇ ತೋರಿಸಬಹುದು. ಧ್ವನಿಯ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ನಸುಕಿನ ಹೊತ್ತಿನಲ್ಲಿ, ಫ್ಯಾನು ನಿಲ್ಲಿಸಿದ ಸದ್ದಿಲ್ಲದ ಕೋಣೆಯಲ್ಲಿಯೂ ಸುಮಾರು ೩೦ ಡೆಸಿಬೆಲ್ಲಿನ ಸದ್ದು ಇದ್ದೇ ಇರುವುದು. ಹಗಲಿನಲ್ಲಿ ೪೫ ಕ್ಕೂ ಮೇಲೆ ಹೋಗುವುದು. ಪ್ರತಿಯೊಂದು ಕಂಡೆನ್ಸರ್ ಮೈಕಿಗೂ ತನ್ನದೇ ಆದ ಒಂದು ಸಣ್ಣ ಸದ್ದುಂಟು. ಅದರ ಪ್ರಮಾಣವನ್ನು ತಯಾರಕರೇ ಅಚ್ಚು ಹಾಕಿಸಿರುವರು. ಅಗ್ಗದ ಆಡಿಯೋ-ಟೆಕ್ನಿಕಾ ಎಟಿ ೨೦೨೦ ಎಂಬ ಮೈಕಿನದು ೨೦. ಅದಕ್ಕಿಂತ ಸ್ವಲ್ಪ ಹೆಚ್ಚಿನ ಬೆಲೆಯ ರೋಡ್ ಎನ್‌ಟಿ ೧-ಎ ಎಂಬುದರದು ೫. ಲಕ್ಷಗಟ್ಟಲೆ ಬೆಲೆಯ ನಾಯ್ಮನ್ ಯು ೮೭ ಎಐ ಎಂಬುದರದು ೧೨. ಬೆಲೆ ಏರಿದಂತೆ ಸದ್ದು ಇಳಿಯುವುದೆಂಬ ನಿಯಮವಿಲ್ಲವೆಂಬುದು ಇದರಿಂದಲೇ ಸ್ಪಷ್ಟ. ಯು ೮೭ರ ಕೀರ್ತಿಗೆ ಅದರ ನಾದದ ಬಣ್ಣವು ಕಾರಣ, ಮೌನವಲ್ಲ. ಅದೂ ಅಲ್ಲದೆ, ೩೦ ಡೆಸಿಬೆಲ್ಲಿನ ಕೋಣೆಯಲ್ಲಿ ೨೦ ಡೆಸಿಬೆಲ್ಲಿನ ಮೈಕನ್ನಿಟ್ಟರೆ ಆ ಮೈಕಿನ ಸದ್ದು ಕೋಣೆಯ ಸದ್ದಿನಲ್ಲಿ ಅಡಗಿಹೋಗುವುದು. ಹಗಲಿನಲ್ಲಂತೂ ಅದನ್ನು ಹುಡುಕಿದರೂ ಸಿಕ್ಕದು. ಕೋಣೆಯು ಮೈಕಿಗಿಂತ ಗಲಭೆಯದಾಗಿರುವವರೆಗೆ ಮೈಕಿನ ಮೌನಕ್ಕಾಗಿ ತೆತ್ತ ಹಣವು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಹಾಗಾದರೆ ಗಲಭೆಯನ್ನು ಗೆಲ್ಲುವ ಬಗೆ ಯಾವುದು? ಸಾಮೀಪ್ಯ. ಧ್ವನಿಯ ಮೂಲಕ್ಕೂ ಮೈಕಿಗೂ ಇರುವ ದೂರವನ್ನು ಅರ್ಧಮಾಡಿದರೆ, ಬಾಯಿಯಿಂದ ನೇರವಾಗಿ ಬರುವ ಧ್ವನಿಯು ೬ ಡೆಸಿಬೆಲ್ಲಿನಷ್ಟು ಹೆಚ್ಚುವುದು. ನಮ್ಮ ಹಳೆಯ ಅಳತೆಗಳು ಇದಕ್ಕೆಂದೇ ಮಾಡಿದಂತಿವೆ. ನಾಲ್ಕು ಮೊಳಕ್ಕೆ ಒಂದು ಮಾರು. ಎರಡು ಗೇಣಿಗೆ ಒಂದು ಮೊಳ. ಒಂದು ಮಾರು ದೂರದಲ್ಲಿದ್ದ ಮೈಕನ್ನು ಎರಡು ಮೊಳಕ್ಕೆ ತಂದರೆ ೬, ಒಂದು ಮೊಳಕ್ಕೆ ತಂದರೆ ೧೨, ಒಂದು ಗೇಣಿಗೆ ತಂದರೆ ೧೮ ಡೆಸಿಬೆಲ್ ಲಾಭ. ಕೋಣೆಯ ಗಲಭೆಯು ಮಾತ್ರ ಇದ್ದಷ್ಟೇ ಇರುವುದು. ಕಾಸು ಖರ್ಚಿಲ್ಲದ ಈ ಲಾಭವನ್ನು ಯಾವ ಅಂಗಡಿಯೂ ಮಾರಲಾರದು. ನಾನು ಇದನ್ನು ಅಕ್ಕನ ಮಗನಿಗೆ ವಿವರವಾಗಿ ಬರೆದೆನು. ಎರಡು ದಿನ ಬಿಟ್ಟು, "ಸರಿ ಮಾವ, ನೀವು ಹೇಳಿದ ಹಾಗೇ ಆಗಲಿ, ಉಳಿದ ದುಡ್ಡಿಗೆ ನಾನೇ ಅಲ್ಲಿಗೆ ಬಂದು ಹೋಗ್ತೀನಿ" ಎಂದು ಅವನಿಂದ ಉತ್ತರ ಬಂದಿತು. ಅಕ್ಕನಿಗೆ ಯು ೮೭ಕ್ಕಿಂತ ಇದೇ ಹೆಚ್ಚು ಸಂತೋಷವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಪ್ರೀಆಂಪಿನ ವಿಚಾರ. ಮೈಕಿನಿಂದ ಹೊರಡುವ ವಿದ್ಯುತ್ತು ಬಹಳ ಕ್ಷೀಣವಾದದ್ದು. ಗಟ್ಟಿಯಾಗಿ ಹಾಡಿದಾಗ, ಎಂದರೆ ೯೪ ಡೆಸಿಬೆಲ್ಲಿನ ಧ್ವನಿಗೆ, ಎಸ್‌ಎಂ ೫೮ ಕೊಡುವುದು ಎರಡು ಮಿಲಿವೋಲ್ಟಿಗೂ ಕಡಿಮೆ. ಅದೇ ಧ್ವನಿಗೆ ಎಟಿ ೨೦೨೦ ಕೊಡುವುದು ಸುಮಾರು ೧೪ ಮಿಲಿವೋಲ್ಟು. ಮೆಲುದನಿಗೆ ಇದರಲ್ಲಿ ಹತ್ತನೆಯ ಒಂದು ಪಾಲು ಸಿಕ್ಕಿದರೆ ಹೆಚ್ಚು. ಈ ಕ್ಷೀಣವಾದುದನ್ನು ಬಲಪಡಿಸಿ ಮುಂದಿನ ಯಂತ್ರಕ್ಕೆ ಒಪ್ಪಿಸುವ ವರ್ಧಕಕ್ಕೇ ಪ್ರೀಆಂಪೆಂದು ಹೆಸರು. ಈಗ ಇದನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗಿಲ್ಲ. ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಎಂಬ ಅಂಗೈಯಗಲದ ಪೆಟ್ಟಿಗೆಯಲ್ಲಿಯೇ ಅದು ಅಡಕವಾಗಿರುವುದು. ೬೦ ಡೆಸಿಬೆಲ್ಲಿನ ವರ್ಧನವೆಂದರೆ ವೋಲ್ಟೇಜನ್ನು ಸಾವಿರ ಪಾಲು ಹೆಚ್ಚಿಸುವುದೆಂದರ್ಥ. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಸೋಲೋ ಎಂಬ ಸಣ್ಣ ಪೆಟ್ಟಿಗೆಯ ೨೦೨೩ರ ಮಾದರಿಯು ೫೭ ಡೆಸಿಬೆಲ್ಲಿನವರೆಗೆ ಏರಿಸಬಲ್ಲುದು. ಮೆಲುದನಿಯವರು ಡೈನಮಿಕ್ ಮೈಕಿಗೆ ಹಾಡಿದರೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಬೇಕಾಗುವುದು. ಆಗ ಹಿನ್ನೆಲೆಯಲ್ಲಿ ಸುಯ್ಯೆಂಬ ಸದ್ದು ತಲೆಯೆತ್ತುವುದು. ಕಂಡೆನ್ಸರ್ ಮೈಕಿಗಾದರೆ ಅರ್ಧಕ್ಕೆ ತಿರುಗಿಸಿದರೂ ಸಾಕು. ಡೈನಮಿಕ್ ಮೈಕಿಗೆ ೨೫ ಡೆಸಿಬೆಲ್ಲಿನಷ್ಟು ಬಲ ಕೊಡುವ ಸಣ್ಣ ಕೊಳವೆಯಂಥ ಉಪಕರಣಗಳೂ ಉಂಟು. ಆದರೆ ಕಂಡೆನ್ಸರನ್ನು ಆರಿಸಿದವರಿಗೆ ಆ ವೆಚ್ಚವೇ ಇಲ್ಲ.

ದುಬಾರಿಯ ಪ್ರೀಆಂಪು ಇನ್ನೂ ಮೌನವಾಗಿರಬಹುದಲ್ಲವೆ ಎಂದರೆ, ಅಲ್ಲಿಯೂ ಪ್ರಕೃತಿಯು ಒಂದು ಗೆರೆ ಎಳೆದಿದೆ. ಯಾವ ವಾಹಕದಲ್ಲಾದರೂ ಶಾಖದಿಂದ ಕಣಗಳು ಅಲುಗುತ್ತಲೇ ಇರುವುದರಿಂದ ಒಂದು ಸಣ್ಣ ಸದ್ದು ತಪ್ಪದು. ೧೯೨೮ ರಲ್ಲಿ ಜಾನ್ಸನ್ ಎಂಬವರು ಇದನ್ನು ಅಳೆದರು. ನೈಕ್ವಿಸ್ಟ್ ಎಂಬವರು ಗಣಿತದಿಂದ ಸಾಧಿಸಿದರು. ಇಂದಿನ ಅಗ್ಗದ ಇಂಟರ್‌ಫೇಸುಗಳಲ್ಲಿ ಒಳ್ಳೆಯವು ಆ ಗೆರೆಯಿಂದ ನಾಲ್ಕೈದು ಡೆಸಿಬೆಲ್ಲಿನ ಅಂತರದಲ್ಲಿಯೇ ನಿಂತಿವೆ. ಎಷ್ಟು ಹಣ ಸುರಿದರೂ ಗೆಲ್ಲಬಹುದಾದುದು ಆ ನಾಲ್ಕೈದು ಮಾತ್ರ. ಮೈಕನ್ನು ಮಾರಿನಿಂದ ಗೇಣಿಗೆ ತಂದವನು ಆಗಲೇ ೧೮ನ್ನು ಗೆದ್ದಿರುವನು.

ಕೊಳ್ಳುವವರು ಮೂರು ಸಂಗತಿಗಳನ್ನು ಕೇಳಿ ತಿಳಿದರೆ ಸಾಕು. ಪೆಟ್ಟಿಗೆಯು ೪೮ ವೋಲ್ಟಿನ ವಿದ್ಯುತ್ತನ್ನು ಮೈಕಿಗೆ ಒದಗಿಸುವುದೇ ಎಂಬುದು ಮೊದಲನೆಯದು; ಇದಿಲ್ಲದೆ ಕಂಡೆನ್ಸರ್ ಮೈಕು ಬಾಯಿಬಿಡದು. ಕೇಬಲ್ಲಿನ ಎರಡು ತುದಿಗಳಲ್ಲಿಯೂ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಜೋಡಣೆ ಇದೆಯೇ ಎಂಬುದು ಎರಡನೆಯದು. ಆ ಮೂರರಲ್ಲಿ ಎರಡು ತಂತಿಗಳು ಧ್ವನಿಯನ್ನು ಒಂದಕ್ಕೊಂದು ವಿರುದ್ಧವಾಗಿ ಒಯ್ಯುವುವು. ದಾರಿಯಲ್ಲಿ ಸೇರಿಕೊಳ್ಳುವ ಹೊರಗಿನ ಸದ್ದು ಎರಡರಲ್ಲಿಯೂ ಸಮನಾಗಿರುವುದರಿಂದ, ಒಂದರಿಂದ ಇನ್ನೊಂದನ್ನು ಕಳೆದಾಗ ಸದ್ದು ಹೋಗಿ ಹಾಡು ಉಳಿಯುವುದು. ಮೈಕ್‌ಸೆಟ್ಟಿನವರ ಕೆಲವು ಕೇಬಲ್ಲುಗಳ ಒಂದು ತುದಿಯಲ್ಲಿ ಒಂಟಿ ಜಾಕು ಇರುವುದು. ಅದು ಈ ಕೆಲಸಕ್ಕೆ ಒದಗದು. ಮೂರನೆಯದು, ಹಾಡುವಾಗ ಕೇಳಿಕೊಳ್ಳಲು ಕಿವಿಯನ್ನು ಪೂರ್ತಿಯಾಗಿ ಮುಚ್ಚುವ ಹೆಡ್‌ಫೋನಿಗೆ ಸ್ಥಳವಿದೆಯೇ ಎಂಬುದು. ಈ ಮೂರೂ ಇದ್ದರೆ ಹೆಸರು ಯಾವುದಾದರೂ ಆಗಬಹುದು. ನಾನು ಎಟಿ ೨೦೨೦, ಒಂದು ಸಣ್ಣ ಇಂಟರ್‌ಫೇಸು, ಒಂದು ಸ್ಟ್ಯಾಂಡು, ಒಂದು ಕೇಬಲ್ಲು ಇಷ್ಟನ್ನು ಕೊಂಡೆನು. ನಿಗದಿಮಾಡಿದ ಹಣದೊಳಗೆ ಎಲ್ಲವೂ ಬಂದಿತು.

ಉಳಿದ ಏರ್ಪಾಡೆಲ್ಲ ಮನೆಯಲ್ಲಿಯೇ ಆಯಿತು. ನಮ್ಮ ಉಗ್ರಾಣದ ಕೋಣೆಗೆ ಬೀದಿಯ ಕಡೆ ಕಿಟಕಿಯಿಲ್ಲ. ಅಲ್ಲಿ ಅಕ್ಕನ ಬೆನ್ನ ಹಿಂದೆ ಹಾಸಿಗೆಗಳನ್ನು ಸುರುಳಿಸುತ್ತಿ ನಿಲ್ಲಿಸಿದೆವು. ಅಕ್ಕಪಕ್ಕದಲ್ಲಿ ರಜಾಯಿಗಳನ್ನು ಹರವಿದೆವು. ಮೈಕು ಹಾಡುವವರ ಕಡೆಗೆ ಮುಖಮಾಡಿರುವುದರಿಂದ ಅವರ ಹಿಂದಿನ ಗೋಡೆಯ ಮಾರ್ದನಿಯೇ ಅದಕ್ಕೆ ಹೆಚ್ಚಾಗಿ ಕೇಳುವುದು. ಆದುದರಿಂದ ಮೆತ್ತೆಯು ಮೊದಲು ಅಲ್ಲಿಗೆ ಬೇಕು. ಈ ಮೈಕಿನ ಗ್ರಹಣಶಕ್ತಿಯು ಹೃದಯದ ಆಕಾರದ್ದು, ಮುಂದೆ ತೀಕ್ಷ್ಣ, ಹಿಂದೆ ಮಂದ. ಅದರ ಬೆನ್ನನ್ನು ಬಾಗಿಲಿನ ಕಡೆಗೆ ತಿರುಗಿಸಿದೆವು. ಇಂಥ ಮೈಕಿಗೆ ತುದಿಯಿಂದಲ್ಲ, ಪಕ್ಕದಿಂದ ಹಾಡಬೇಕೆಂಬುದನ್ನೂ ನೆನಪಿಡಬೇಕು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಿಂದ ನಡೆಸಿದಾಗ ಗುಂಯ್ಗುಡುತ್ತಿದ್ದ ಸದ್ದು ನಿಂತಿತು. ಫ್ರಿಜ್ಜನ್ನು ಅರ್ಧ ಗಂಟೆ ಆರಿಸಿದರೆ ಹಾಲು ಕೆಡುವುದಿಲ್ಲ. ಹೊತ್ತು ಬೆಳಗಿನ ನಾಲ್ಕೂವರೆ. ಬ್ರಾಹ್ಮೀಮುಹೂರ್ತದ ಮಹಿಮೆಯನ್ನು ಮೈಕೂ ಒಪ್ಪುವುದು.

ನಮ್ಮ ಶಿಕ್ಷಾಶಾಸ್ತ್ರದ ವರ್ಣವಿಭಾಗವು ಇಲ್ಲಿ ಪ್ರಯೋಜನಕ್ಕೆ ಬಂದಿತು. ಫ, ಭ ಮೊದಲಾದ ಮಹಾಪ್ರಾಣಗಳನ್ನು ಉಚ್ಚರಿಸುವಾಗ ತುಟಿಯಿಂದ ಗಾಳಿಯು ರಭಸವಾಗಿ ಹೊರಟು ಮೈಕಿನ ಪೊರೆಗೆ ಬಡಿದು 'ಧಪ್' ಎನ್ನುವುದು. ಶ, ಷ, ಸ ಎಂಬ ಊಷ್ಮಗಳು ಅದರ ನೇರಕ್ಕೆ ಬಿದ್ದರೆ ಚುಚ್ಚುವುವು. ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಮೇಲಕ್ಕೋ ಪಕ್ಕಕ್ಕೋ ಇಟ್ಟು ಬಾಯಿಯ ಕಡೆಗೆ ಬಾಗಿಸಿದರೆ ಗಾಳಿಯು ತಪ್ಪಿಹೋಗುವುದು, ನಾದವು ತಲುಪುವುದು. ಇದಕ್ಕೊಂದು ಪರದೆಯನ್ನೂ ಮಾರುವರು. ಕಸೂತಿ ಹಾಕುವ ಮರದ ಬಳೆಗೆ ತೆಳುವಾದ ನೈಲಾನು ಬಟ್ಟೆಯನ್ನು ಬಿಗಿದು ನಮ್ಮ ಮನೆಯವರು ಅದನ್ನು ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು.

ಮುದ್ರಿಸುವಾಗ ಧ್ವನಿಯ ಮುಳ್ಳು ಮೇಲಿನ ಮಿತಿಗಿಂತ ಹನ್ನೆರಡು ಡೆಸಿಬೆಲ್ ಕೆಳಗೇ ಇರಲಿ. ಮಿತಿಯನ್ನು ಮೀರಿ ಒಡೆದ ಧ್ವನಿಯನ್ನು ಮೊದಲಿನಂತೆ ಸರಿಪಡಿಸುವುದು ಕಷ್ಟ. ೨೪ ಬಿಟ್ಟಿನ ಮುದ್ರಣಕ್ಕೆ ಈ ತಗ್ಗಿನಿಂದ ಯಾವ ನಷ್ಟವೂ ಇಲ್ಲ. ಆಡಾಸಿಟಿ ಎಂಬ ಉಚಿತವಾದ ತಂತ್ರಾಂಶವು ಇದಕ್ಕೆಲ್ಲ ಸಾಕು. ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಅಕ್ಕನೂ ಪ್ರತಿಯೊಂದು ಹಾಡಿಗೂ ಮುಂಚೆ, ಅದು ಯಾವ ಸಂದರ್ಭದ್ದು, ತಾನು ಯಾರಿಂದ ಕಲಿತದ್ದು, ಅಂದಿನ ತಾರೀಖು ಯಾವುದು ಎಂಬಿಷ್ಟನ್ನು ಹೇಳಿಯೇ ಆರಂಭಿಸುವಳು. ಮೂರು ಪ್ರತಿಗಳನ್ನು ಮಾಡಿ, ಒಂದನ್ನು ಪುಣೆಯಲ್ಲಿ ಇಟ್ಟಿರುವೆವು.

ಇದುವರೆಗೆ ೬೩ ಹಾಡುಗಳಾಗಿವೆ. ಅವುಗಳಲ್ಲಿ ಒಂದು ಬೀಗರ ಹಾಡು. ಹೆಣ್ಣಿನ ಕಡೆಯವರು ಹಾಡಿನಲ್ಲಿಯೇ ಹಾಸ್ಯದ ಪ್ರಶ್ನೆಗಳನ್ನು ಕೇಳುವುದು, ಗಂಡಿನ ಕಡೆಯವರು ಹಾಡಿನಲ್ಲಿಯೇ ಉತ್ತರ ಕೊಡುವುದು, ಹೀಗೆ ಅದರ ರಚನೆ. ಪ್ರಶ್ನೆಗಳು ಅಕ್ಕನ ಪಾಲಿಗೆ ಬಂದವು. ಉತ್ತರಗಳು ನಮ್ಮ ಚಿಕ್ಕಮ್ಮನವು. ಚಿಕ್ಕಮ್ಮನು ಹೋದ ವರ್ಷದ ಮಾಘದಲ್ಲಿ ತೀರಿಕೊಂಡಳು. ಉತ್ತರಗಳನ್ನು ಬರೆದಿಟ್ಟವರು ಯಾರೂ ಇಲ್ಲ. ಅಕ್ಕನು ಒಂದೊಂದು ಪ್ರಶ್ನೆಯನ್ನೂ ಹಾಡಿ, ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಸುಮ್ಮನಿದ್ದು, ಮುಂದಿನ ಪ್ರಶ್ನೆಗೆ ಹೋದಳು. ಆ ನಡುವಣ ಭಾಗವನ್ನು ಕತ್ತರಿಸಲೇ ಎಂದು ಕೇಳಿದೆನು. "ಬೇಡ ಕಣೋ, ಹಾಗೇ ಇರಲಿ. ಎಲ್ಲಾದರೂ ಯಾರಿಗಾದರೂ ಬರುತ್ತಿದ್ದರೆ ತುಂಬಿಕೊಳ್ಳಲಿ" ಎಂದಳು. ಹೆಡ್‌ಫೋನಿನಲ್ಲಿ ಕೇಳಿದರೆ ಆ ಬಿಡುವುಗಳಲ್ಲಿ ಬೆರಳಿನ ಸದ್ದೂ, ಆಕೆಯ ಉಸಿರೂ ಸ್ಪಷ್ಟವಾಗಿ ಕೇಳಿಸುವುವು.

ವಾಚಕರ ಮನೆಯಲ್ಲಿಯೂ ಇಂಥ ಕಂಠವೊಂದು ಇದ್ದರೆ, ಯಂತ್ರವನ್ನು ಆರಿಸುವ ಮೊದಲು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಮನೆಯಲ್ಲಿ ಅತ್ಯಂತ ಸದ್ದಿಲ್ಲದ ಕೋಣೆಯನ್ನೂ ಹೊತ್ತನ್ನೂ ಕಂಡುಕೊಳ್ಳಿರಿ. ಸದ್ದು ಅಡಗದ ಮನೆಯಾದರೆ, ಹಾಡುವವರು ಗಟ್ಟಿದನಿಯವರೂ ಮೈಕಿಗೆ ಅಳುಕದವರೂ ಆದರೆ, ಡೈನಮಿಕ್ ಮೈಕನ್ನು ಕೊಳ್ಳಿರಿ. ಎರಡು ಮೂರು ಸಾವಿರದ್ದೂ ಮನೆಗೆ ಸಾಕು. ಸದ್ದಡಗಿಸಬಹುದಾದ ಮನೆ, ಮೆಲುದನಿ, ವಯಸ್ಸಾದ ಕಂಠ ಇವಿದ್ದರೆ ಕಂಡೆನ್ಸರ್ ಮೈಕೇ ಸರಿ. ಪ್ರೀಆಂಪಿಗೆಂದು ಪ್ರತ್ಯೇಕವಾಗಿ ಹಣ ಕೂಡಿಡಬೇಡಿರಿ. ಸಾಧಾರಣವಾದ ಇಂಟರ್‌ಫೇಸು ಸಾಕು. ಇದಾವುದೂ ಕೈಗೂಡದಿದ್ದರೆ ಇರುವ ಮೊಬೈಲನ್ನೇ ಒಂದು ಗೇಣು ದೂರದಲ್ಲಿ, ಮಡಿಸಿದ ಟವೆಲಿನ ಮೇಲೆ, ಬಾಯಿಗೆ ಸ್ವಲ್ಪ ಓರೆಯಾಗಿ ಇಟ್ಟು ನಾಳೆಯ ನಸುಕಿನಲ್ಲಿಯೇ ಆರಂಭಿಸಿರಿ. ಮೈಕನ್ನು ಮುಂದಿನ ತಿಂಗಳು ಕೊಂಡರೂ ಆಗುವುದು. ಅಂಗಡಿಯಲ್ಲಿ ಅದು ಕಾದಿರುವುದು.